ಗಾಳಿಗೆ ಹನ್ನೆರಡು ಕಿಟಕಿ: ಲಾ ಮಾಂಚಾದ ಗಿರಣಿಗಳನ್ನು ನೋಡುವ ಬಗೆ

ಸೆರ್ವಾಂತೆಸ್ ಬರೆದ ಕಾದಂಬರಿಯಲ್ಲಿ ಡಾನ್ ಕ್ವಿಕ್ಸೋಟ್ ಗಾಳಿಗಿರಣಿಗಳ ಮೇಲೆ ಏರಿಹೋದ ಕಥೆ ಆ ಪುಸ್ತಕವನ್ನು ಮುಟ್ಟದವರಿಗೂ ಗೊತ್ತು. ಆದರೆ ಅವನೂ ಅವನ ಆಳು ಸಾಂಚೊ ಪಾಂಜಾನೂ ಆ ಬಯಲಿಗೆ ಬಂದಾಗ ಗಿರಣಿಗಳು ತಿರುಗದೆ ನಿಂತಿದ್ದವು ಎಂಬುದನ್ನು ಪುಸ್ತಕ ಓದಿದವರೂ ಅಷ್ಟಾಗಿ ಗಮನಿಸಿರುವುದಿಲ್ಲ. 1605ರಲ್ಲಿ ಬಂದ ಮೊದಲ ಭಾಗದ ಎಂಟನೆಯ ಅಧ್ಯಾಯ. ಮೊದಲು ಮೂವತ್ತೋ ನಲವತ್ತೋ ಗಿರಣಿಗಳು ಕಣ್ಣಿಗೆ ಬೀಳುತ್ತವೆ. ದೊರೆಗೂ ಆಳಿಗೂ ಮಾತು ಬೆಳೆಯುತ್ತದೆ. ಅವು ರಾಕ್ಷಸರು ಎಂದು ದೊರೆ, ಅಲ್ಲ ಸ್ವಾಮಿ ಗಿರಣಿಗಳು ಎಂದು ಆಳು. ಅಷ್ಟರಲ್ಲಿ ಸ್ವಲ್ಪ ಗಾಳಿ ಏಳುತ್ತದೆ, ದೊಡ್ಡ ರೆಕ್ಕೆಗಳು ಕದಲತೊಡಗುತ್ತವೆ. ಆಮೇಲೆಯೇ ಕುದುರೆ ನಾಗಾಲೋಟದಲ್ಲಿ ಏರಿಹೋಗುವುದು.

ಗಿರಣಿಯ ಒಳಗು ಗೊತ್ತಿದ್ದವರಿಗೆ ಈ ಒಂದು ಸಾಲು ಬಹಳ ಹೇಳುತ್ತದೆ. ಸಣ್ಣ ಗಾಳಿಗೆ ರೆಕ್ಕೆ ಕದಲಬೇಕಾದರೆ ಅದರ ಮೇಲೆ ಬಟ್ಟೆ ಕಟ್ಟಿರಬೇಕು. ಒಳಗೆ ರೆಕ್ಕೆಯನ್ನು ತಡೆದು ನಿಲ್ಲಿಸುವ ಬಿರಿ ಸಡಿಲವಾಗಿರಬೇಕು. ಟೊಪ್ಪಿಗೆಯಂಥ ಛಾವಣಿಯನ್ನು ಗಾಳಿ ಬರುವ ದಿಕ್ಕಿಗೆ ಮೊದಲೇ ತಿರುಗಿಸಿಟ್ಟಿರಬೇಕು. ಅಂದರೆ ಅಂದು ಆ ಗಿರಣಿಗಳ ಒಳಗೆ ಜನ ಕಾಳು ಸುರಿದುಕೊಂಡು, ಗಾಳಿಗಾಗಿ ಕಾಯುತ್ತ ಕೂತಿದ್ದರು ಎಂದಾಯಿತು. ಗಾಳಿ ಬಂದಾಗ ತೂರಿಕೋ ಎನ್ನುವ ಗಾದೆಯನ್ನು ಕಣದಲ್ಲಿ ಕೇಳಿ ಬೆಳೆದ ಕನ್ನಡದ ಓದುಗರಿಗೆ ಈ ಕಾಯುವಿಕೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಕಾಲವೂ ಹೊಂದುತ್ತದೆ. ಅವನ ಮೊದಲ ಸವಾರಿ ಜುಲೈ ತಿಂಗಳ ಬಿಸಿಲಿನಲ್ಲಿ. ಪೆಟ್ಟು ತಿಂದು ಮನೆಗೆ ಮರಳಿ, ಹದಿನೈದು ದಿನ ಸುಮ್ಮನಿದ್ದು, ಸಾಂಚೊನನ್ನು ಒಡಂಬಡಿಸಿಕೊಂಡು ಮತ್ತೆ ಹೊರಟದ್ದು. ಗೋಧಿ ಕೊಯ್ದು, ಒಕ್ಕಿ, ಗಿರಣಿಗೆ ಸಾಲುಗಟ್ಟುವ ಹೊತ್ತು ಅದು.

ಸ್ಪೇನಿನ ಲಾ ಮಾಂಚಾಕ್ಕೆ ಹೋಗುವವರು ಮೊದಲು ಈ ಯಂತ್ರವನ್ನು ಅರಿತುಕೊಂಡು ಹೋಗಬೇಕು ಎಂಬುದು ನಮ್ಮ ಗಟ್ಟಿಯಾದ ಅಭಿಪ್ರಾಯ. ಬೆಟ್ಟದ ಸಾಲಿನ ಮೇಲೆ ಬಿಳಿ ಗೋಪುರಗಳ ಚಿತ್ರ ಎಲ್ಲರ ಫೋನಿನಲ್ಲೂ ಇರುತ್ತದೆ. ಒಳಗೆ ಹೋಗಿ ಕಲ್ಲು ತಿರುಗುವುದನ್ನು ಕಂಡವರು ಕಡಿಮೆ. ನಿಂತ ಹನ್ನೆರಡು ಗಿರಣಿಗಳಿಗಿಂತ ತಿರುಗುವ ಒಂದೇ ಒಂದು ಹೆಚ್ಚು ಕಲಿಸುತ್ತದೆ.

ಈ ಸೀಮೆಯಲ್ಲಿ ಗಾಳಿಗಿರಣಿ ಬಂದದ್ದು ನೀರಿಲ್ಲದ್ದರಿಂದ. ಲಾ ಮಾಂಚಾ ಸಮುದ್ರಮಟ್ಟದಿಂದ ಸುಮಾರು 650-700 ಮೀಟರ್ ಎತ್ತರದ ಚಪ್ಪಟೆ ಬಯಲು. ಮಳೆ ವರ್ಷಕ್ಕೆ 400 ಮಿಲಿಮೀಟರಿನ ಆಸುಪಾಸು. ಗ್ವಾದಿಯಾನಾ, ಸಿಗುವೇಲಾ, ಸಾಂಕರಾ ಎಂಬ ನದಿಗಳ ಹೆಸರು ನಕಾಶೆಯಲ್ಲಿ ದೊಡ್ಡದು; ಬೇಸಿಗೆಯಲ್ಲಿ ಅವುಗಳ ಪಾತ್ರ ಎಷ್ಟೋ ಕಡೆ ಒಣಗಿ ಬಿರುಕು ಬಿಟ್ಟಿರುತ್ತದೆ. ನೀರುಗಿರಣಿ ಬೇಕಾದಷ್ಟಿದ್ದವು, ಆದರೆ ಬೆಳೆ ಕೈಗೆ ಬಂದ ತಿಂಗಳುಗಳಲ್ಲಿಯೇ ಅವು ನಿಲ್ಲುತ್ತಿದ್ದವು. ಆ ನೀರನ್ನು ನಂಬುವುದೂ ಕಷ್ಟ. ಕೊನ್ಸುವೇಗ್ರಾ ಊರಿನ ನಡುವೆ ಹರಿಯುವ ಅಮಾರ್ಗಿಯ್ಯೊ ಬೇಸಿಗೆಯಲ್ಲಿ ಹಳ್ಳದಷ್ಟೂ ಇಲ್ಲ. 1891ರ ಸೆಪ್ಟೆಂಬರಿನಲ್ಲಿ ಅದೇ ಹೊಳೆ ಒಂದು ರಾತ್ರಿ ಉಕ್ಕಿ ಊರಿನ 359 ಜನರನ್ನು ಕೊಂಡೊಯ್ದಿತು. ಗಾಳಿಯಾದರೋ ತಡೆಯಿಲ್ಲದ ಬಯಲಿನಲ್ಲಿ ವರ್ಷವಿಡೀ ಸಿಗುತ್ತದೆ. ಬೇಕಾದದ್ದು ಒಂದು ದಿಬ್ಬ ಮಾತ್ರ.

ಎರಡನೆಯ ಫಿಲಿಪ್ ದೊರೆ 1575ರಿಂದ ಊರೂರುಗಳಿಗೆ ಪ್ರಶ್ನೆಪಟ್ಟಿ ಕಳಿಸಿ ಬರೆಸಿಕೊಂಡ ವರದಿಗಳಲ್ಲಿ ಕಾಂಪೊ ದೆ ಕ್ರಿಪ್ತಾನಾದವರು ತಮ್ಮ ಊರ ಪಕ್ಕದ ಗುಡ್ಡದ ಮೇಲೆ ಗಾಳಿಗಿರಣಿಗಳು ಬಹಳ ಇವೆ ಎಂದು ಹೇಳಿಕೊಂಡಿದ್ದಾರೆ. ಅಂದರೆ ಸೆರ್ವಾಂತೆಸ್ ಬರೆಯುವ ಹೊತ್ತಿಗೆ ಇವು ಪಳೆಯುಳಿಕೆಗಳಲ್ಲ, ದುಡಿಯುವ ಯಂತ್ರಗಳು. ಈ ಬಯಲಿಗಂತೂ ಸಾಕಷ್ಟು ಹೊಸವು. 1905ರಲ್ಲಿ, ಪುಸ್ತಕಕ್ಕೆ ಮುನ್ನೂರು ತುಂಬಿದಾಗ, ಈ ದಾರಿಯಲ್ಲಿ ಬಂದ ಸ್ಪೇನಿನ ಲೇಖಕ ಅಜೋರಿನ್ ಈ ಹೊಸತನವನ್ನೇ ಎತ್ತಿ ಹೇಳಿದ. ಹಳೆಯ ವೀರಗಥೆಗಳಲ್ಲಿ ಮುಳುಗಿದವನಿಗೆ ತನ್ನ ಕಾಲದ ಯಂತ್ರ ಗುರುತಾಗುವುದಿಲ್ಲ; ಅಕ್ಷರ ಬಾರದ ರೈತನಿಗೆ ಅದು ಚೆನ್ನಾಗಿ ಗೊತ್ತು. ನೀವು ತೋಳು ಎನ್ನುವುದು ರೆಕ್ಕೆ, ಗಾಳಿ ಅದನ್ನು ತಿರುಗಿಸಿದರೆ ಗಿರಣಿಯ ಕಲ್ಲು ನಡೆಯುತ್ತದೆ ಎಂದು ಸಾಂಚೊ ಹೇಳುವುದರಲ್ಲಿ ಯಂತ್ರಶಾಸ್ತ್ರ ಪೂರ್ತಿ ಇದೆ. ಅವನು ಹೇಳಿದ ಆ ನಡುವಿನ ದಾರಿಯನ್ನು, ರೆಕ್ಕೆಯಿಂದ ಕಲ್ಲಿನವರೆಗೆ, ಒಂದೊಂದೇ ಭಾಗವಾಗಿ ನೋಡೋಣ.

ಮಾಂಚಾದ ಗಿರಣಿ ಕಲ್ಲು ಮತ್ತು ಗಾರೆಯ ದುಂಡು ಗೋಪುರ. ಹೊರಗೆ ಸುಣ್ಣ. ಗೋಡೆ ಕೋಟೆಗೋಡೆಯಷ್ಟು ದಪ್ಪ, ಏಕೆಂದರೆ ಮೇಲೆ ತಿರುಗುವ ಭಾರದ ಅದುರಾಟವನ್ನೆಲ್ಲ ಅದೇ ಹೊರಬೇಕು. ಒಳಗೆ ಮೂರು ಅಂತಸ್ತು, ಗೋಡೆಯ ಬಳಸಿಗೆ ಸುತ್ತಿ ಏರುವ ಕಿರಿದಾದ ಮೆಟ್ಟಿಲು. ನೆಲದ ಅಂತಸ್ತಿನಲ್ಲಿ ಚೀಲಗಳು, ಕತ್ತೆ ಕಟ್ಟುವ ಜಾಗ. ನಡುವಿನದು ಕಾಮರೇತಾ: ಮೇಲಿಂದ ಹಿಟ್ಟು ಇಳಿದು ಬರುವ ಕೋಣೆ. ತುದಿಯದು ಮೊಲೆದೇರೊ, ಬೀಸುವ ಅಂಕಣ. ಕಲ್ಲು, ಚಕ್ರ, ಅಚ್ಚು ಎಲ್ಲ ಅಲ್ಲಿ. ಕಾಳಿನ ಚೀಲವನ್ನು ಈ ಮೆಟ್ಟಿಲ ಮೇಲೆ ಹೆಗಲಲ್ಲಿ ಹೊತ್ತೇ ಏರಿಸುತ್ತಿದ್ದರು. ಒಂದು ಫಾನೇಗಾ ಅಂದರೆ 55.5 ಲೀಟರ್ ಅಳತೆ, ಗೋಧಿಯಾದರೆ 43-44 ಕಿಲೋ. ಮೆಟ್ಟಿಲು ಏರುವಾಗ ಬರಿಗೈಯಲ್ಲೇ ನಿಮ್ಮ ಭುಜ ಗೋಡೆಗೆ ತಾಗುತ್ತದೆ. ಹೆಗಲ ಮೇಲೆ ಚೀಲವಿಟ್ಟುಕೊಂಡವನು ಹೇಗೆ ತಿರುವು ದಾಟಿದ ಎಂದು ಅಲ್ಲಿ ಒಂದು ಗಳಿಗೆ ನಿಂತು ಊಹಿಸಿಕೊಳ್ಳಬೇಕು.

ಹೊರಗೆ ನಾಲ್ಕು ರೆಕ್ಕೆ, ಅಲ್ಲಿಯ ಮಾತಿನಲ್ಲಿ ಆಸ್ಪಾಸ್. ಒಂದೊಂದೂ ಏಳೆಂಟು ಮೀಟರ್ ಉದ್ದದ ಮರದ ಜಾಲರಿ. ಗೋಪುರ ಗಿಡ್ಡ, ರೆಕ್ಕೆ ಉದ್ದ. ಹಾಗಾಗಿ ಕೆಳಗೆ ಬರುವ ರೆಕ್ಕೆ ನೆಲಕ್ಕೆ ತೀರ ಹತ್ತಿರ ಬೀಸುತ್ತದೆ. ಹಾಗಿರಲೇಬೇಕು, ಯಾಕೆಂದರೆ ಜಾಲರಿಯ ಮೇಲೆ ಬಟ್ಟೆ ಕಟ್ಟುವವನು ನೆಲದಿಂದಲೇ ಅದನ್ನು ಹತ್ತಬೇಕು. ಕುದುರೆಯ ಮೇಲೆ ಕೂತವನ ಈಟಿಗೆ ರೆಕ್ಕೆ ಎಟುಕಿದ್ದೂ ಇದೇ ಕಾರಣಕ್ಕೆ. ಈಗ ಸ್ವಲ್ಪ ಲೆಕ್ಕ. ರೆಕ್ಕೆಗಳು ನಿಮಿಷಕ್ಕೆ 12 ಸುತ್ತು ತಿರುಗುತ್ತಿವೆ ಎಂದಿಟ್ಟುಕೊಳ್ಳಿ. ಏಳು ಮೀಟರ್ ದೂರದ ತುದಿ ಗಂಟೆಗೆ 30 ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿ ಹೋಗುತ್ತಿರುತ್ತದೆ, ಒಂದೂಕಾಲು ಸೆಕೆಂಡಿಗೊಂದು ರೆಕ್ಕೆ ಮುಂದೆ ಹಾಯುತ್ತದೆ. ಪುಸ್ತಕದಲ್ಲಿ ಈಟಿ ರೆಕ್ಕೆಗೆ ನೆಟ್ಟು, ಗಾಳಿ ಅದನ್ನು ರಭಸದಿಂದ ತಿರುಗಿಸಿ, ಈಟಿ ಚೂರಾಗಿ, ಕುದುರೆಯೂ ಸವಾರನೂ ಬಯಲಲ್ಲಿ ಉರುಳುತ್ತಾರೆ. ಉತ್ಪ್ರೇಕ್ಷೆ ಅಲ್ಲವೇ ಅಲ್ಲ. ತಿರುಗುವ ಗಿರಣಿಯ ಎದುರು ಫೋಟೊಗೆಂದು ಹಿಂದೆ ಹಿಂದೆ ಹೆಜ್ಜೆ ಇಡುವವರು ಈ ಲೆಕ್ಕವನ್ನು ನೆನಪಿಡಿ.

ರೆಕ್ಕೆಗಳು ಚುಚ್ಚಿಕೊಂಡಿರುವ ದಪ್ಪ ಮರದ ಅಚ್ಚು ತುಸು ಓರೆಯಾಗಿ ಗೋಪುರದ ಒಳಕ್ಕೆ ಬರುತ್ತದೆ. ಅದಕ್ಕೆ ಅಡ್ಡಲಾಗಿ ಕೂತಿರುವ ದೊಡ್ಡ ಹಲ್ಲಿನ ಚಕ್ರ ರುಯೇದಾ ಕತಲಿನಾ. ಸಂತ ಕ್ಯಾಥರೀನಳನ್ನು ಹಿಂಸಿಸಲು ತಂದ ಹಲ್ಲುಚಕ್ರದಿಂದ ಬಂದ ಹೆಸರು. ಸಾಮಾನ್ಯವಾಗಿ 40 ಹಲ್ಲು, ಎಲ್ಲವೂ ಗಟ್ಟಿ ಓಕ್ ಮರದ ಬಿಡಿ ತುಂಡುಗಳು. ಈ ಹಲ್ಲುಗಳು ಕೆಳಗಿನ ಲಿಂತೆರ್ನಾಕ್ಕೆ ಕಚ್ಚಿಕೊಳ್ಳುತ್ತವೆ. ಲಿಂತೆರ್ನಾ ಎಂದರೆ ಲಾಂದ್ರ. ಎರಡು ಬಿಲ್ಲೆಗಳ ನಡುವೆ 8 ಸರಳು ನಿಲ್ಲಿಸಿದ ಗಾಲಿ, ನೋಡಲು ಲಾಂದ್ರದ ಹಾಗೆಯೇ. 40ನ್ನು 8ರಿಂದ ಭಾಗಿಸಿ: ರೆಕ್ಕೆ ಒಂದು ಸುತ್ತು ಬಂದರೆ ಲಾಂದ್ರ ಐದು ಸುತ್ತು. ಅಡ್ಡ ತಿರುಗುವುದನ್ನು ನೆಟ್ಟಗೆ ತಿರುಗುವಂತೆ ಮಾಡುವುದೂ, ನಿಧಾನವನ್ನು ವೇಗ ಮಾಡುವುದೂ ಇದೊಂದೇ ಜೋಡಿಯ ಕೆಲಸ. ನಿಮಿಷಕ್ಕೆ 12 ಸುತ್ತಿನ ರೆಕ್ಕೆ ಕಲ್ಲಿಗೆ ಸೆಕೆಂಡಿಗೊಂದು ಸುತ್ತು ಕೊಡುತ್ತದೆ.

ಹಲ್ಲುಗಳನ್ನು ಚಕ್ರದೊಳಗೆ ಕೆತ್ತದೆ ಬೇರೆಯಾಗಿ ಮಾಡಿ ಬೆಣೆ ಹೊಡೆದಿರುವುದು ಜಾಣತನ. ಗಾಳಿ ತಟ್ಟನೆ ಜೋರಾದಾಗ ಅಥವಾ ಕಲ್ಲು ಸಿಕ್ಕಿಕೊಂಡಾಗ ಎಲ್ಲೋ ಒಂದು ಕಡೆ ಮುರಿಯಲೇಬೇಕು. ಮುರಿದರೆ ಒಂದು ಹಲ್ಲು ಮುರಿಯಲಿ, ಅಚ್ಚು ಮುರಿಯದಿರಲಿ. ಬದಲಿ ಹಲ್ಲು ಗಿರಣಿಯಲ್ಲೇ ಇರುತ್ತಿತ್ತು, ಹಳೆಯದನ್ನು ಬಡಿದು ತೆಗೆದು ಹೊಸದನ್ನು ಕೂರಿಸಿದರೆ ಆಯಿತು. ಮೂಲ ಯಂತ್ರ ಉಳಿದಿರುವ ಗಿರಣಿಗಳಲ್ಲಿ ಹಲ್ಲುಗಳ ಬಣ್ಣ, ಸವಕಲು ಒಂದೇ ಥರ ಇರುವುದಿಲ್ಲ. ಕತಲಿನಾದ ಸುತ್ತ ಬೆರಳು ತೋರಿಸುತ್ತ ಎಣಿಸಿ ನೋಡಿ. ಬಿಳಿಚಿದ ಹಲ್ಲು ಕಂಡಲ್ಲೆಲ್ಲ ಒಂದು ದಿನ ಏನೋ ತಪ್ಪಿತ್ತು.

ಕಲ್ಲುಗಳ ವಿಷಯದಲ್ಲಿ ಕನ್ನಡದವರಿಗೆ ಪರಿಚಯದ ಕಷ್ಟವಿಲ್ಲ. ಮನೆಯ ಬೀಸುವ ಕಲ್ಲನ್ನು ಹತ್ತಾರು ಪಟ್ಟು ದೊಡ್ಡದು ಮಾಡಿದರೆ ಇದೇ. ಕದಲದ ಕೆಳಗಲ್ಲು ಸೊಲೇರಾ, ತಿರುಗುವ ಮೇಲುಗಲ್ಲು ವೊಲಾಂದೇರಾ. ಅಡ್ಡಳತೆ ಒಂದೂಕಾಲು ಮೀಟರಿನ ಸುತ್ತಮುತ್ತ, ಮೇಲುಗಲ್ಲಿನ ತೂಕ ಒಂದು ಟನ್ನಿನ ಆಸುಪಾಸು. ಮೇಲೆ ತೊಲ್ವಾ ಎಂಬ ಮರದ ಕಾಳುಡಬ್ಬ, ಅದರಡಿ ಇಳಿಜಾರಾದ ಸಣ್ಣ ದೋಣಿ. ತಿರುಗುವ ಕಲ್ಲೇ ಆ ದೋಣಿಯನ್ನು ಅಲುಗಿಸಿ ತನ್ನ ಬಾಯಿಗೆ ತಾನೇ ಕಾಳು ಉದುರಿಸಿಕೊಳ್ಳುತ್ತದೆ. ಅಜ್ಜಿ ಎಡಗೈಯಲ್ಲಿ ಹಿಡಿ ಹಿಡಿಯಾಗಿ ಹಾಕುತ್ತಿದ್ದ ಕೆಲಸವನ್ನು ಇಲ್ಲಿ ಆ ದೋಣಿ ಮಾಡುತ್ತದೆ. ಕಲ್ಲು ವೇಗವಾದರೆ ಕಾಳೂ ಹೆಚ್ಚು, ನಿಧಾನವಾದರೆ ಕಾಳೂ ಕಡಿಮೆ.

ಸೊಗಸಾದ ಏರ್ಪಾಡು, ಆದರೆ ಗಿರಣಿಯವನ ನಿಜವಾದ ಕಷ್ಟ ಇಲ್ಲಿಯೇ ಶುರು. ಮನೆಯಲ್ಲಿ ಬೀಸುವ ಕೈ ಒಂದೇ ಹದದಲ್ಲಿ ತಿರುಗುತ್ತದೆ. ಗಾಳಿಗೆ ಹದವಿಲ್ಲ. ಗಾಳಿ ಏರಿದಾಗ ಕಾಳು ಹೆಚ್ಚು ಬಿದ್ದು ಮೇಲುಗಲ್ಲು ಅದರ ಮೇಲೆ ತೇಲಿದಂತಾಗುತ್ತದೆ, ಎರಡು ಕಲ್ಲುಗಳ ನಡುವಿನ ಸಂದು ಹಿಗ್ಗುತ್ತದೆ, ಹಿಟ್ಟಿನ ಬದಲು ರವೆ ಬರುತ್ತದೆ. ಗಾಳಿ ಇಳಿದಾಗ ಕಲ್ಲು ಕುಸಿದು ಕೂರುತ್ತದೆ, ಹಿಟ್ಟು ಬಿಸಿಯಾಗಿ ಸೀದ ವಾಸನೆ ಬರುತ್ತದೆ, ಇಲ್ಲವೇ ಗಿರಣಿಯೇ ನಿಲ್ಲುತ್ತದೆ. ಇದನ್ನು ಸರಿದೂಗಿಸಲು ಅಲಿವಿಯೊ ಎಂಬ ಸನ್ನೆ ಇದೆ. ಹಗುರ ಮಾಡುವುದು ಎಂದು ಆ ಮಾತಿನ ಅರ್ಥ. ಮೇಲುಗಲ್ಲು ನಿಂತಿರುವ ಕಬ್ಬಿಣದ ಕಡ್ಡಿಯನ್ನು ಅದು ಕೂದಲೆಳೆಯಷ್ಟು ಎತ್ತುತ್ತದೆ, ಇಳಿಸುತ್ತದೆ. ಗಿರಣಿಯವನು ಒಂದು ಕೈ ಹಿಟ್ಟಿನ ಧಾರೆಯಲ್ಲಿಟ್ಟು ಹೆಬ್ಬೆರಳಿಂದ ಉಜ್ಜಿ ನೋಡುತ್ತ, ಕಿವಿಯನ್ನು ಕಲ್ಲಿನ ಸದ್ದಿಗೆ ಕೊಟ್ಟು, ಇನ್ನೊಂದು ಕೈಯಲ್ಲಿ ಇದನ್ನು ಸರಿಪಡಿಸುತ್ತಿರಬೇಕು. ಬೀಸುವುದನ್ನು ತೋರಿಸುವ ದಿನ ನೀವು ಅಲ್ಲಿದ್ದರೆ ರೆಕ್ಕೆಯನ್ನಲ್ಲ, ಆ ಎರಡು ಕೈಗಳನ್ನು ನೋಡಿ.

ಕಾಳು ಮುಗಿದದ್ದು ಗೊತ್ತಾಗದೆ ಕಲ್ಲು ಬರಿದಾಗಿ ತಿರುಗಿದರೆ ಕಲ್ಲಿಗೆ ಕಲ್ಲು ತಾಗಿ ಕಿಡಿ ಹಾರುತ್ತದೆ. ಸುತ್ತ ಒಣಮರ, ಗಾಳಿಯಲ್ಲಿ ಹಿಟ್ಟಿನ ಧೂಳು. ಬೆಂಕಿ ಹತ್ತದಿದ್ದರೂ ಕಲ್ಲಿನ ಮುಳ್ಳು ಹಾಳಾಗುತ್ತದೆ. ಬೀಸಿ ಬೀಸಿ ನುಣುಪಾದ ಕಲ್ಲನ್ನು ಆಗಾಗ ಎತ್ತಿ ಮಗುಚಿ, ಚೂಪು ಸುತ್ತಿಗೆಯಿಂದ ಕುಟ್ಟಿ ಮತ್ತೆ ಮುಳ್ಳೆಬ್ಬಿಸಬೇಕು. ಟನ್ ತೂಕದ ಕಲ್ಲನ್ನು ಗೋಪುರದ ತುದಿಯಲ್ಲಿ, ಇಬ್ಬರು ನಿಲ್ಲಲೂ ಇಕ್ಕಟ್ಟಾದ ಜಾಗದಲ್ಲಿ ಮಗುಚುವುದು. ಗಾಳಿಯಿಲ್ಲದ ದಿನಗಳಿಗೆ ಮೀಸಲಿಟ್ಟ ಕೆಲಸ ಇದು.

ಇಷ್ಟಾದರೂ ಮಾಂಚಾದ ಗಿರಣಿಯ ತಿರುಳು ಕಲ್ಲಿನಲ್ಲೂ ಇಲ್ಲ, ರೆಕ್ಕೆಯಲ್ಲೂ ಇಲ್ಲ. ಕಿಟಕಿಗಳಲ್ಲಿ ಇದೆ ಎನ್ನಿಸುತ್ತದೆ. ತುದಿಯ ಅಂಕಣದ ಗೋಡೆಯಲ್ಲಿ ಸುತ್ತಲೂ ಹನ್ನೆರಡು ಪುಟ್ಟ ಕಿಂಡಿಗಳು. ಬೆಳಕಿಗೆಂದು ಮಾಡಿದವಲ್ಲ, ತಲೆ ಹೊರಹಾಕುವಷ್ಟೂ ದೊಡ್ಡವಲ್ಲ. ಗಿರಣಿಯವನು ಒಂದೊಂದರ ಬಳಿಯೂ ಮುಖವಿಟ್ಟು ಗಾಳಿ ಎಲ್ಲಿಂದ ಬರುತ್ತಿದೆ, ಎಲ್ಲಿಗೆ ಹೊರಳುತ್ತಿದೆ ಎಂದು ತಿಳಿಯುತ್ತಿದ್ದ. ಒಂದೊಂದು ಕಿಂಡಿಗೆ ಒಂದೊಂದು ಗಾಳಿ, ಪ್ರತಿ ಗಾಳಿಗೂ ಹೆಸರು. ಉತ್ತರದ್ದು ಸಿಯೆರ್ಸೊ. ದಕ್ಷಿಣದ್ದು ಮೆದಿಯೊದಿಯಾ, ಅಂದರೆ ನಡುಹಗಲಿನದು. ಪೂರ್ವದ್ದು ಸೊಲಾನೊ, ಸೂರ್ಯನ ಕಡೆಯದು. ಅದರಲ್ಲೇ ಮೇಲಿನದು, ನೆಟ್ಟಗಿನದು, ಆಳದ್ದು ಎಂದು ಮೂರು. ನೈಋತ್ಯದ ಆಬ್ರೆಗೊ ಮಳೆ ತರುವ ಗಾಳಿ, ಅದರಲ್ಲಿ ಎರಡು. ತೊಲೇದೊ ಊರಿನ ಕಡೆಯಿಂದ ಬರುವುದು ತೊಲೆದಾನೊ. ಇನ್ನೊಂದರ ಹೆಸರು ಮತಾಕಾಬ್ರಾಸ್, ಮೇಕೆ ಕೊಲ್ಲುವುದು. ಚಳಿಗಾಲದಲ್ಲಿ ಆ ಗುಡ್ಡದ ಮೇಲೆ ಐದು ನಿಮಿಷ ನಿಂತರೆ ಹೆಸರಿಗೆ ವಿವರಣೆ ಬೇಡ. ಮಳೆಗೆ ನಕ್ಷತ್ರದ ಹೆಸರಿಟ್ಟು, ಆರಿದ್ರೆ ಹೀಗೆ, ಮಘೆ ಹಾಗೆ ಎಂದು ಗುಣ ಹೇಳುವ ನಮ್ಮ ಒಕ್ಕಲು ಮಕ್ಕಳ ಪಂಚಾಂಗದಂತೆಯೇ ಇದು ಗಾಳಿಯ ಪಂಚಾಂಗ.

ಗಾಳಿ ಹೊರಳಿದ್ದು ತಿಳಿದ ಮೇಲೆ ಗಿರಣಿಯ ಮುಖವನ್ನೂ ಹೊರಳಿಸಬೇಕು. ಗೋಪುರ ಕದಲುವುದಿಲ್ಲ, ಅದರ ಮೇಲಿನ ಶಂಕುವಿನಂಥ ಛಾವಣಿ ಅಚ್ಚು, ರೆಕ್ಕೆ, ಕತಲಿನಾ ಎಲ್ಲವನ್ನೂ ಹೊತ್ತುಕೊಂಡು ತಿರುಗುತ್ತದೆ. ಛಾವಣಿಯ ಹಿಂಬದಿಯಿಂದ ನೆಲದ ಹತ್ತಿರದವರೆಗೆ ಓರೆಯಾಗಿ ಇಳಿದಿರುವ ಉದ್ದನೆಯ ದಿಮ್ಮಿಯೇ ಪಾಲೊ ದೆ ಗೊಬಿಯೆರ್ನೊ, ಆಳುವ ಕೋಲು. ಗೋಪುರದ ಸುತ್ತ ನೆಲದಲ್ಲಿ ಗೂಟಗಲ್ಲುಗಳನ್ನು ಹೂತಿರುತ್ತಾರೆ. ಮೊದಲು ಬಿರಿ ಹಾಕಿ ರೆಕ್ಕೆ ನಿಲ್ಲಿಸಬೇಕು. ಕೋಲನ್ನು ಗೂಟಗಲ್ಲಿಗೆ ಬಿಗಿದ ಸರಪಳಿ ಬಿಚ್ಚಬೇಕು. ಬೊರ್ರಿಕಿಯ್ಯೊ ಅಂದರೆ ಕತ್ತೆಮರಿ ಎಂಬ ಹೆಸರಿನ ಪುಟ್ಟ ರಾಟೆಯನ್ನು ಮುಂದಿನ ಗೂಟಗಲ್ಲಿಗೆ ಸಿಕ್ಕಿಸಿ, ಹಗ್ಗ ಸುತ್ತುತ್ತ ಕೋಲನ್ನು ಅತ್ತ ಎಳೆಯಬೇಕು. ಮೇಲೆ ಟನ್ನುಗಟ್ಟಲೆ ಮರ ಗೋಡೆಯ ತಲೆಯ ಮೇಲಿನ ಜಿಡ್ಡು ಬಳಿದ ಬಳೆಯ ಮೇಲೆ ಕಿರುಗುಟ್ಟುತ್ತ ಜರುಗುತ್ತದೆ. ಮತ್ತೆ ಸರಪಳಿ, ಮತ್ತೆ ಬಿರಿ ಸಡಿಲ. ಗಾಳಿ ದಿನಕ್ಕೆ ನಾಲ್ಕು ಬಾರಿ ಹೊರಳಿದರೆ ನಾಲ್ಕು ಬಾರಿಯೂ ಇಷ್ಟೂ ಕೆಲಸ.

ಮಾಡದೆ ಕೂತರೆ? ರೆಕ್ಕೆಗಳನ್ನು ಮುಂದಿನಿಂದ ಬರುವ ಗಾಳಿಯ ಒತ್ತಡ ತಾಳಿಕೊಳ್ಳಲು ಮಾಡಿರುತ್ತಾರೆ. ಗಾಳಿ ಬೆನ್ನಿಗೆ ಬಿದ್ದರೆ ಅಚ್ಚನ್ನು ಅದು ಮುಂದಕ್ಕೆ ಎತ್ತುತ್ತದೆ. ತನ್ನ ಭಾರದಿಂದ ಮಾತ್ರ ಕೂತಿರುವ ಅಚ್ಚು ಏಳಬಹುದು, ರೆಕ್ಕೆ ಮುರಿಯಬಹುದು, ಛಾವಣಿಯೇ ಕಿತ್ತು ಬರಬಹುದು. ಬಿರುಗಾಳಿಯಲ್ಲಿ ಬಟ್ಟೆ ಬಿಚ್ಚದೆ ಬರೀ ಬಿರಿಯನ್ನು ನಂಬಿದರೆ ಅದೂ ಅಪಾಯ. ಬಿರಿ ಎಂದರೆ ಕತಲಿನಾದ ಸುತ್ತ ಬಿಗಿಯುವ ಮರದ ಪಟ್ಟಿ; ಮರಕ್ಕೆ ಮರ ಉಜ್ಜಿ ಹೊಗೆಯೇಳುತ್ತದೆ. ಆದ್ದರಿಂದಲೇ ಕಿಂಡಿಗಳು. ಮೋಡ ಕಾಣುವ ಮೊದಲೇ ಗಾಳಿಯ ಮನಸ್ಸು ತಿಳಿದು, ತಡವಾಗುವ ಮುಂಚೆ ಬಟ್ಟೆ ಇಳಿಸಬೇಕು.

ಇಷ್ಟು ದುಡಿಮೆಗೆ ಸಿಗುತ್ತಿದ್ದುದು ಮಾಕಿಲಾ: ಬೀಸಿದ ಕಾಳಿನಲ್ಲೇ ಒಂದು ಪಾಲು. ಅಳೆಯಲು ಸೆಲೆಮಿನ್ ಎಂಬ ಮರದ ಚೌಕ ಪೆಟ್ಟಿಗೆ, ಫಾನೇಗಾದ ಹನ್ನೆರಡನೆಯ ಒಂದು ಭಾಗ. ಕಣದಲ್ಲಿ ಆಯ ಪಡೆಯುತ್ತಿದ್ದ ಬಡಗಿ, ಕಮ್ಮಾರರ ಲೆಕ್ಕ ಬಲ್ಲವರಿಗೆ ಇದು ಹೊಸದಲ್ಲ. ಗಿರಣಿಯ ಒಳಗೆ ಮೂಲೆಯಲ್ಲಿಟ್ಟ ಈ ಪೆಟ್ಟಿಗೆಗಳನ್ನು ಪ್ರವಾಸಿಗರು ಆಸನವೆಂದುಕೊಳ್ಳುತ್ತಾರೆ. ದಯವಿಟ್ಟು ಕೂರಬೇಡಿ.

ಈಗ ಊರುಗಳು. ಎಂಟನೆಯ ಅಧ್ಯಾಯದಲ್ಲಿ ಸ್ಥಳದ ಹೆಸರಿಲ್ಲ. ಪೆಟ್ಟು ತಿಂದ ಮೇಲೆ ಇಬ್ಬರೂ ಪುಯೆರ್ತೊ ಲಾಪಿಸೆಯ ಕಡೆಗೆ ಹೊರಟರು ಎಂಬುದಷ್ಟೇ ಸುಳಿವು. ಆದರೂ ಮೂವತ್ತು ನಲವತ್ತು ಗಿರಣಿಗಳು ಒಟ್ಟಿಗೆ ಇದ್ದ ಜಾಗ ಯಾವುದೆಂದರೆ ಬೆರಳು ಕಾಂಪೊ ದೆ ಕ್ರಿಪ್ತಾನಾದತ್ತ ಹೋಗುತ್ತದೆ. 1752ರ ತೆರಿಗೆ ದಾಖಲೆಯಲ್ಲಿ ಆ ಒಂದೇ ಊರಿನಲ್ಲಿ 34 ಗಿರಣಿಗಳಿದ್ದವು. ಪುಸ್ತಕಕ್ಕೂ ಆ ದಾಖಲೆಗೂ ನಡುವೆ ಒಂದೂವರೆ ಶತಮಾನ ಇರುವುದರಿಂದ ಇದು ಸಾಕ್ಷ್ಯವಲ್ಲ, ಆದರೆ ಬಲವಾದ ಒಲವು. ಇಂದು ಅಲ್ಲಿ ಹತ್ತು ಉಳಿದಿವೆ. ಬುರ್ಲೇತಾ, ಇನ್ಫಾಂತೊ, ಸರ್ದಿನೇರೊ ಎಂಬ ಮೂರು ಹದಿನಾರನೆಯ ಶತಮಾನದವು, ಒಳಗಿನ ಯಂತ್ರ ಸಮೇತ. ಉಳಿದವು ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಎದ್ದವು. ಒಳಗೆ ಪುಟ್ಟ ಸಂಗ್ರಹಾಲಯಗಳು. ಕುಲೇಬ್ರೊ ಎಂಬುದರಲ್ಲಿ ಇದೇ ಊರಿನಲ್ಲಿ 1928ರಲ್ಲಿ ಹುಟ್ಟಿದ ನಟಿ ಸಾರಾ ಮೊಂತಿಯೆಲ್ ಅವರ ಸ್ಮರಣೆ. ಸಮಯ ಕಡಿಮೆಯಿದ್ದರೆ ಸಂಗ್ರಹಾಲಯಗಳನ್ನು ಬಿಡಿ, ಆ ಮೂರರಲ್ಲಿ ಒಂದರ ಒಳಗೆ ಅರ್ಧ ಗಂಟೆ ಇರಿ. ಪೊಯಾತೊಸ್ ಗಿರಣಿಯಲ್ಲಿ ಪ್ರವಾಸಿ ಕಚೇರಿ ಇದೆ. ನಿಗದಿತ ದಿನಗಳಲ್ಲಿ ಬಟ್ಟೆ ಕಟ್ಟಿ ಕಾಳು ಬೀಸಿ ತೋರಿಸುತ್ತಾರೆ. ಪ್ರಯಾಣದ ದಿನ ಗೊತ್ತುಮಾಡುವ ಮೊದಲೇ ಅವರನ್ನು ಕೇಳಿಕೊಳ್ಳಿ. ಗಾಳಿ ಬರದಿದ್ದರೆ ಆ ದಿನವೂ ಇಲ್ಲ. ಅದಕ್ಕೆ ಬೇಸರ ಬೇಡ, ಗಿರಣಿಯವನೂ ಹೀಗೆಯೇ ಕೂತಿರುತ್ತಿದ್ದ.

ಗುಡ್ಡದ ಕೆಳಗಿನ ಹಳೆಯ ಕೇರಿಗೆ ಅಲ್ಬಾಯ್ಸಿನ್ ಎಂದು ಹೆಸರು. ಸುಣ್ಣ ಬಳಿದ ಮನೆಗಳ ಬುಡಕ್ಕೆ ಸೊಂಟದೆತ್ತರದ ಗಾಢ ನೀಲಿ ಪಟ್ಟಿ. ಆ ಬಣ್ಣವನ್ನು ಅಲ್ಲಿ ಅನ್ಯೀಲ್ ಎನ್ನುತ್ತಾರೆ. ಸಂಸ್ಕೃತದ ನೀಲ ಪಾರಸಿಗೆ ಹೋಗಿ, ಅರಬ್ಬಿಯಲ್ಲಿ ಅನ್ನೀಲ್ ಆಗಿ, ಸ್ಪೇನಿಗೆ ಬಂದ ಪದ. ಸುಣ್ಣಕ್ಕೆ ಚಿಟಿಕೆ ನೀಲಿ ಬೆರೆಸಿ ಗೋಡೆ ಬಳಿಯುವ ನಾಡಿನವರು ಆ ಗೋಡೆಯ ಮುಂದೆ ನಿಂತಾಗ ಕೈಯಲ್ಲಿರುವುದು ಒಂದೇ ಪದದ ಎರಡು ತುದಿ.

ಕೊನ್ಸುವೇಗ್ರಾ ನೋಟಕ್ಕೆ ಎಲ್ಲಕ್ಕಿಂತ ಚೆಂದ. ಕಾಲ್ದೆರಿಕೊ ಬೆಟ್ಟದ ಬೆನ್ನಮೇಲೆ ಹನ್ನೆರಡು ಗಿರಣಿ, ನಡುವೆ ಸಂತ ಯೋಹಾನನ ಪಂಥದ ಯೋಧರ ಕೋಟೆ. ಗಿರಣಿಗಳ ಹೆಸರುಗಳಲ್ಲಿ ಸಾಂಚೊ, ರುಸಿಯೊ, ಮಾಂಬ್ರಿನೊ, ಕ್ಲಾವಿಲೇನ್ಯೊ ಮುಂತಾದವು ಪುಸ್ತಕದಿಂದ ಬಂದವು, ಹಾಗಾಗಿ ಹೆಸರಾದರೂ ಪುಸ್ತಕದ ನಂತರದ್ದು. ಬೊಲೇರೊದಲ್ಲಿ ಮಾಹಿತಿ ಕಚೇರಿ. ಅಕ್ಟೋಬರಿನ ಕೊನೆಯ ವಾರಾಂತ್ಯಕ್ಕೆ ಕೇಸರಿ ಹೂವಿನ ಹಬ್ಬ, 1963ರಿಂದ ನಡೆದು ಬಂದಿದೆ. ಆಗ ಸಾಂಚೊ ಗಿರಣಿಯಲ್ಲಿ ಗೋಧಿ ಬೀಸುತ್ತಾರೆ. ಜನ ಕಿಕ್ಕಿರಿದಿರುತ್ತಾರೆ, ಕೋಣೆ ಸಿಗುವುದಿಲ್ಲ, ಆದರೂ ಬೀಸುವುದನ್ನು ನೋಡಲು ಮತ್ತು ಹೂವಿನಿಂದ ಕೇಸರಿ ಎಳೆ ಬಿಡಿಸುವ ಸ್ಪರ್ಧೆಗೆ ಅದೇ ಸರಿಯಾದ ಹೊತ್ತು. ಹೂ ಬಿಡಿಸುವುದು ಬೆಳಗಿನ ಜಾವ, ಬಿಸಿಲೇರಿದರೆ ಹೂ ಬಾಡುತ್ತದೆ.

ಮೋತಾ ದೆಲ್ ಕುಯೆರ್ವೊದಲ್ಲಿ ಏಳು ಗಿರಣಿ. ಅಲ್ಲಿಯ ಎಲ್ ಸುರ್ದೊ, ಎಂದರೆ ಎಡಚ, ಉಳಿದವುಗಳಿಗೆ ಉಲ್ಟಾ ದಿಕ್ಕಿನಲ್ಲಿ ತಿರುಗುತ್ತದೆ. ರೆಕ್ಕೆ ಉಲ್ಟಾ ಆದರೆ ಕಲ್ಲೂ ಉಲ್ಟಾ, ಕಲ್ಲಿನ ಮೇಲೆ ಕೊರೆದ ಗೆರೆಗಳ ಓರೆಯೂ ಉಲ್ಟಾ ಇರಬೇಕಾಗುತ್ತದೆ. ಅಲ್ಕಾಸರ್ ದೆ ಸಾನ್ ಹ್ವಾನ್ ಊರ ಹೊರಗಿನ ಸಾನ್ ಆಂತೋನ್ ಗುಡ್ಡದ ಮೇಲೆ ನಾಲ್ಕು. ಫಿಯೆರಾಬ್ರಾಸ್ ಎಂಬುದರಲ್ಲಿ ಯಂತ್ರವಿದೆ.

ಮಾದ್ರಿದ್‌ನಿಂದ ಕೊನ್ಸುವೇಗ್ರಾಕ್ಕೆ ಸುಮಾರು 130 ಕಿಲೋಮೀಟರ್, ದಕ್ಷಿಣದ ಎ-4 ಹೆದ್ದಾರಿಯಲ್ಲಿ ಹೋಗಿ ಮಾದ್ರಿದೇಹೊಸ್ ಬಳಿ ಬಲಕ್ಕೆ. ಕಾರಿಲ್ಲದವರಿಗೆ ರೈಲಿನ ಊರು ಅಲ್ಕಾಸರ್; ಅಲ್ಲಿಂದ ಕ್ರಿಪ್ತಾನಾಕ್ಕೆ ಎಂಟು ಕಿಲೋಮೀಟರ್ ಆಸುಪಾಸು, ಟ್ಯಾಕ್ಸಿಯಲ್ಲಿ ಮುಗಿಯುವ ದಾರಿ. ಎರಡು ದಿನವಿದ್ದರೆ ಮೊದಲ ದಿನ ಕೊನ್ಸುವೇಗ್ರಾ, ರಾತ್ರಿ ಕ್ರಿಪ್ತಾನಾದಲ್ಲಿ ತಂಗಿ ಮರುದಿನ ಬೆಳಿಗ್ಗೆ ಗಿರಣಿ, ಮಧ್ಯಾಹ್ನ ಕ್ವಿಕ್ಸೋಟನ ಮನದನ್ನೆ ದುಲ್ಸಿನೇಯಾಳ ಊರಾದ ಎಲ್ ತೊಬೋಸೊ ದಾಟಿ ಮೋತಾ. ಒಂದೇ ದಿನವಾದರೆ ಕೊನ್ಸುವೇಗ್ರಾದ ಆಸೆ ಬಿಟ್ಟು ಕ್ರಿಪ್ತಾನಾ ಆರಿಸಿಕೊಳ್ಳಿ. ಚಿತ್ರ ಕಳೆದುಕೊಳ್ಳುತ್ತೀರಿ, ಯಂತ್ರ ಸಿಗುತ್ತದೆ. ಜುಲೈ, ಆಗಸ್ಟಿನಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಗುಡ್ಡದ ಮೇಲೆ ಗಿರಣಿಯ ನೆರಳಲ್ಲದೆ ಬೇರೆ ನೆರಳಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಗಿರಣಿಗಳ ಬಾಗಿಲೂ ಮುಚ್ಚುವುದು ವಾಡಿಕೆ. ಏಪ್ರಿಲ್, ಮೇ, ಅಕ್ಟೋಬರ್ ಒಳ್ಳೆಯದು; ಯಾವ ತಿಂಗಳಾದರೂ ಗಾಳಿ ತಡೆಯುವ ಮೇಲಂಗಿ ಇರಲಿ.

ಊಟದಲ್ಲಿ ಸಸ್ಯಾಹಾರಿಗಳಿಗೆ ಪಿಸ್ತೊ ಇದೆ, ಟೊಮೆಟೊ, ದೊಣ್ಣೆಮೆಣಸು ಹಾಕಿ ನಿಧಾನ ಬೇಯಿಸಿದ ಪಲ್ಯ. ಮೇಲೆ ಮೊಟ್ಟೆ ಒಡೆದು ಹಾಕುತ್ತಾರೆ, ಬೇಡವಾದರೆ ಮೊದಲೇ ಹೇಳಬೇಕು. ಗಾಚಾಸ್ ಎಂಬ ಹಿಟ್ಟಿನ ಗಂಜಿ ನೋಡಲು ನಮ್ಮ ಅಂಬಲಿಯಂತಿದ್ದರೂ ಸಾಮಾನ್ಯವಾಗಿ ಹಂದಿಯ ಕೊಬ್ಬಿನಲ್ಲಿ ಮಾಡುತ್ತಾರೆ. ಅದರ ಹಿಟ್ಟು ಅಲ್ಮೋರ್ತಾದ್ದು, ನಮ್ಮಲ್ಲಿ ಕೇಸರಿ ಬೇಳೆ ಎಂದು ಕರೆಯುವ ಅದೇ ಕಾಳು. ಬರಗಾಲದಲ್ಲಿ ಅದನ್ನೇ ತಿಂಗಳುಗಟ್ಟಲೆ ತಿಂದವರಿಗೆ ಕಾಲು ಸೋತುಹೋಗುತ್ತಿತ್ತು. 1811-12ರ ಮಾದ್ರಿದ್ ಕ್ಷಾಮದಲ್ಲಿ ಹಾಗಾದದ್ದನ್ನು ಚಿತ್ರಕಾರ ಗೋಯಾ ಕೆತ್ತಿಟ್ಟಿದ್ದಾನೆ. ಒಮ್ಮೆ ಒಂದು ಬಟ್ಟಲು ತಿನ್ನುವುದರಿಂದ ಏನೂ ಆಗದು. ಈ ಗಿರಣಿಗಳು ಗೋಧಿಯನ್ನಷ್ಟೇ ಬೀಸಲಿಲ್ಲ, ಗೋಧಿಯಿಲ್ಲದವರ ಕಾಳನ್ನೂ ಬೀಸಿದವು ಎಂಬುದಕ್ಕೆ ಆ ಬಟ್ಟಲು ಗುರುತು.

ನಿಂತ ಗಿರಣಿಯನ್ನು ಹೊರಗಿನಿಂದಲೇ ಓದಲು ಬರುತ್ತದೆ. ಆಳುವ ಕೋಲು ನೆಲ ಮುಟ್ಟುವಷ್ಟು ಬಂದು ಸರಪಳಿಯಲ್ಲಿ ಬಿಗಿದಿದೆಯೇ, ಗೂಟಗಲ್ಲಿನ ಮೇಲೆ ಸರಪಳಿ ಉಜ್ಜಿದ ಗುರುತಿದೆಯೇ, ಅಚ್ಚು ಹೊರಬರುವ ಕಂಡಿಯಲ್ಲಿ ಹೊಸ ಜಿಡ್ಡು ಕಾಣುತ್ತದೆಯೇ ನೋಡಿ. ಇದ್ದರೆ ಅದು ಬದುಕಿದೆ. ವರ್ಷಗಟ್ಟಲೆ ಒಂದೇ ದಿಕ್ಕಿಗೆ ನಿಂತದ್ದಾದರೆ ಮಳೆ ಬೀಳುವ ಕಡೆಯ ಮರ ಮಾತ್ರ ಕಪ್ಪಾಗಿ ಕೊಳೆಯುತ್ತ ಬರುತ್ತದೆ, ಅಚ್ಚಿನ ತಲೆಯೊಳಗೆ ನೀರಿಳಿಯುತ್ತದೆ. ಮರದ ಯಂತ್ರ ದುಡಿಮೆಯಿಂದ ಸವೆಯುವುದಕ್ಕಿಂತ ಬೇಗ ಬಿಡುವಿನಿಂದ ಕೆಡುತ್ತದೆ. ತಿಂಗಳಿಗೊಮ್ಮೆಯಾದರೂ ತಿರುಗಿಸುವ ಊರಿನವರು ಪ್ರವಾಸಿಗರಿಗಾಗಿ ಮಾತ್ರ ಹಾಗೆ ಮಾಡುತ್ತಿಲ್ಲ.

ಬೀಸುವ ದಿನ ಕೊನೆಯವರೆಗೂ ಇರಿ, ಹೆಚ್ಚಿನವರು ಹಿಟ್ಟು ಬಿದ್ದದ್ದು ನೋಡಿ ಹೊರಟುಬಿಡುತ್ತಾರೆ. ನಿಲ್ಲಿಸುವಾಗ ಮೊದಲು ಕಾಳುಡಬ್ಬದ ಬಾಯಿ ಮುಚ್ಚುತ್ತಾರೆ, ಕಲ್ಲು ಪೂರ್ತಿ ಬರಿದಾಗುವ ಮುನ್ನವೇ ಬಿರಿಯ ಹಗ್ಗ ಎಳೆಯುತ್ತಾರೆ. ಒಂದು ರೆಕ್ಕೆ ನೆಟ್ಟಗೆ ಕೆಳಗೆ ಬರುವಂತೆ ನಿಲ್ಲಬೇಕು. ಅದರ ಜಾಲರಿ ಹತ್ತಿ ಬಟ್ಟೆಯನ್ನು ಬಿಚ್ಚಿ ಸುತ್ತಿ ಕಟ್ಟುತ್ತಾರೆ. ಬಿರಿ ಸಡಿಲಿಸಿ ಕಾಲು ಸುತ್ತು ಬಿಡುತ್ತಾರೆ, ಮುಂದಿನ ರೆಕ್ಕೆ ಇಳಿದು ಬರುತ್ತದೆ. ಹೀಗೆ ನಾಲ್ಕು ಬಾರಿ. ಪ್ರತಿ ಬಾರಿಯೂ ಬಟ್ಟೆ ಕಡಿಮೆಯಾದಂತೆ ಗಿರಣಿಯ ಬಲ ಕುಗ್ಗುತ್ತದೆ, ಕೊನೆಯ ಕಾಲು ಸುತ್ತಿಗೆ ಗಾಳಿ ಸಾಲದೆ ಕೈಯಿಂದ ತಳ್ಳಬೇಕಾಗುವುದೂ ಉಂಟು. ಆಮೇಲೆ ಕೋಲಿಗೆ ಸರಪಳಿ, ಬಾಗಿಲಿಗೆ ಚಿಲಕ. ಒಳಗೆ ಕಾಮರೇತಾದ ಹಿಟ್ಟು ಇನ್ನೂ ಬೆಚ್ಚಗಿರುತ್ತದೆ.